ಖಾಲಿ ಲಾರಿ ಮೊದಲು

ಪತ್ರ ಬಂದು ಐದು ದಿನ ಆತು.
ಮೊದಲ ಪುಟದಾಗ ಆಸ್ಪತ್ರೆಯ ಬಂಗಾರ ಬಣ್ಣದ ಮುದ್ರೆ,
ಎರಡನೇದರಾಗ ಅಭಿನಂದನೆ,
ಮೂರನೇದರಿಂದ ಸಣ್ಣ ಅಕ್ಷರ.

ಹದಿನೆಂಟು ಸಾವಿರ. ಹಾಸ್ಟೆಲಿಗಂತ ಮೂರೂವರಿ ಮುರೀತಾರ.
ಎರಡು ವರ್ಷದ ಬಾಂಡು, ನಡುವ ಬಿಟ್ಟರ ಒಂದು ಲಕ್ಷ.
ಮಾರ್ಕ್ಸ್‌ಕಾರ್ಡು, ಕೌನ್ಸಿಲಿನ ನೋಂದಣಿ
ಮೂಲಪ್ರತಿಗಳೇ ಬೇಕಂತ,
ಅವರ ಕಪಾಟಿನಾಗ ಇರತಾವಂತ.
ಏಳನೇ ಕಲಮು: ವಾರ್ಡಿನಾಗ ಇಂಗ್ಲಿಷ್ ಬಿಟ್ಟು ಬ್ಯಾರೆ ಆಡಬಾರದು.

ಇಲ್ಲಿ, ಸೂಪರ್ ಮಾರ್ಕೆಟಿನ ಹಿಂದ, ಈ ನರ್ಸಿಂಗ್ ಹೋಮಿನಾಗ
ಒಂಬತ್ತು. ಅದೂ ಹದಿನೈದನೇ ತಾರೀಖಿನ ಮ್ಯಾಲೆ,
ಡಾಕ್ಟರು ಹಣಿ ತಿಕ್ಕೋತ
"ಈ ಸಲ ಸ್ವಲ್ಪ ತಡ ಆತವಾ" ಅಂದ ಮ್ಯಾಲೆ.
ಬಾಂಡಿಲ್ಲ. ಲಿಫ್ಟಿಲ್ಲ.
ರಾತ್ರಿ ಪಾಳಿಗೆ ನಾನು, ಮತ್ತ ಆಯಾ ಮುಮ್ತಾಜ್‌ಬೀ.

ಆ ದೊಡ್ಡ ಆಸ್ಪತ್ರೆ ಹೆಸರು ನನಗೇನು ಹೊಸದಲ್ಲ.
ಎಷ್ಟು ರೆಫರಲ್ ಚೀಟಿ ಮ್ಯಾಲೆ ಬರದೀನಿ ಈ ಕೈಲೇ.
ನಮ್ಮಿಂದ ಆಗದ್ದೆಲ್ಲಾ ಅಲ್ಲಿಗೆ:
ಸಲೈನ್ ಬಾಟಲಿ ಮಗನ ಕೈಗೋ ಅಳಿಯನ ಕೈಗೋ ಕೊಟ್ಟು,
ಅಂಬುಲನ್ಸಿನ ಬಾಗಿಲು ಬಡದು,
ಹುಮನಾಬಾದ್, ಜಹೀರಾಬಾದ್, ಹೈದರಾಬಾದ್.
ಆ ರಸ್ತಾದ ಆ ತುದಿ ನಾ ನೋಡಿಲ್ಲ.
ಜೇವರ್ಗಿ ಕಡೆ ಮುದುಕಿ ಒಬ್ಬಾಕಿ ಉಳದು ಬಂದು ಹೇಳಿದ್ದಳು:
"ನೆಲ ಕನ್ನಡಿ ಹಂಗವ್ವಾ, ಮುಖ ಕಾಣತದ.
ನೀರಡಕಿ ಅಂದೆ. ನೀರಡಕಿ ಅಂದೆ.
ಅವರು ಬಂದು ಬಿಪಿ ನೋಡಿ ಹೋದರು."

ಎಸ್ತೇರಮ್ಮ ಸಿಸ್ಟರಿಗೆ ತೋರಿಸಿದೆ.
ಕನ್ನಡಕ ಮನ್ಯಾಗ ಬಿಟ್ಟೀನಿ ಅಂದಳು, ಓದಲಿಲ್ಲ.
"ಹೋಗು. ವೆಂಟಿಲೇಟರ್ ಮುಟ್ಟಿ ಕಲಿ.
ಮೂವತ್ತೊಂದು ವರ್ಷ ನಾ ಅದರ ಚಿತ್ರ ನೋಡೀನಿ."
ಉಬ್ಬಿದ ನರದ ಕಾಲು ಸ್ಟೂಲಿನ ಮ್ಯಾಲೆ ಎತ್ತಿಟ್ಟು, ಆಮ್ಯಾಲೆ:
"ನಿನ್ನ ರಾತ್ರಿ ಪಾಳಿ ಯಾರ ಮ್ಯಾಲೆ ಬೀಳತದ ಅಂತ ಮಾತ್ರ
ನನ್ನ ಕೇಳಬ್ಯಾಡ."

ಅವ್ವ ಏನೂ ಅನ್ನಲಿಲ್ಲ.
ಕೊರಳು ಮುಟ್ಟಿಕೊಂಡಳು, ಬೋರಮಾಳ ಇದ್ದ ಜಾಗ.
ಮೂರನೇ ವರ್ಷದ ಫೀಸು.

ಅಪ್ಪ ತೊಗರಿ ಮಿಲ್ಲಿನ ವೇಬ್ರಿಜ್ಜಿನಾಗ ರಾತ್ರಿ ಗುಮಾಸ್ತ.
ಪಾಳಿಗೆ ಹೋಗೋ ಮುಂದ ಡಬ್ಬಿ ಕೊಟ್ಟು ಕೇಳಿದೆ.
"ಖಾಲಿ ಲಾರಿ ಮೊದಲು ತೂಗಬೇಕು," ಅಂದ ಚೀಟಿ ಹರಕೋತ,
"ಬರೇ ತುಂಬಿದ್ದು ತೂಗಿದರ ಮಾಲೆಷ್ಟು ತಿಳಿಯಂಗಿಲ್ಲ."
ನಾ ಸುಮ್ಮನ ಆ ಕಬ್ಬಿಣದ ಹಾಸಿನ ನಡುವ ಹೋಗಿ ನಿಂತೆ.
ಬಿಸಲಿನ ಕಾವು ಇನ್ನೂ ಚಪ್ಪಲಿಗೆ ಹತ್ತತಿತ್ತು.
ಕೆಂಪು ಅಂಕಿ ಮಿಣುಕಿ ಐವತ್ತು ಅಂತು.
ನನ್ನ ಖರೇ ತೂಕ ನಲವತ್ತಾರು.
"ಹತ್ತು ಕಿಲೋದ ಲೆಕ್ಕಲೇ ತೋರಸ್ತದ," ನಕ್ಕ ಅಪ್ಪ,
"ಚಿಲ್ಲರ ಇದಕ್ಕ ಕಾಣಂಗಿಲ್ಲ."

ಚಿಲ್ಲರ ಅಂದರ
ರಾತ್ರಿ ಎರಡಕ್ಕ ಮುಮ್ತಾಜ್‌ಬೀ ಸೋಸೂ ಶುಂಠಿ ಚಾ.
ಅವರ ಬ್ಯಾಡ್ಜಿನ ಮ್ಯಾಲೆ ನೀಲಗಂಗಾ ಪೂರಾ ಹಿಡಸ್ತದೋ ಇಲ್ಲೋ.
ಕನ್ನಡಿಯಂಥ ನೆಲದಾಗ
ಬಿಳೀ ಬಟ್ಟಿ ಹಾಕ್ಕೊಂಡ ನನ್ನ ಮುಖ ಒಮ್ಮೆ ನೋಡೂ ಆಸೆ,
ಅದೂ ಅದ. ಯಾಕ ಸುಳ್ಳು ಹೇಳಲಿ.

ಇವತ್ತ ಶನಿವಾರ. ಉತ್ತರಕ್ಕ ಸೋಮವಾರ ಸಂಜೀ ಐದರ ತನಕ ಗಡುವು.
ನಸುಕಿನ ನಾಕಕ್ಕ ಹೆರಿಗಿ ಆತು. ಎಂಟು ತಿಂಗಳಿಗೇ ಬಂದ ಹೆಣ್ಣುಕೂಸು.
ತಕ್ಕಡ್ಯಾಗ ಬರೇ ಬಟ್ಟಿ ಹಾಸಿ ಸೊನ್ನೆಗೆ ತಂದೆ,
ಆಮ್ಯಾಲೆ ಕೂಸು:
ಒಂದು ಕಿಲೋ ಏಳುನೂರಾ ನಲವತ್ತು.
ಅಪ್ಪನ ಕಾಟಾದಾಗ ಇದು ಏನೂ ಅಲ್ಲ.

ರೆಫರಲ್ ಪುಸ್ತಕ ಮೇಜಿನ ಮ್ಯಾಲೆ ತೆರದೇ ಇತ್ತು.
ತಾಯಿ ಎದಿಗೆ ಹಚ್ಚಿ, ಸೀರಿ ಸೆರಗಿಲೆ ಬಿಗಿದು,
ಗಡಿಯಾರ ಹಿಡದು ಉಸಿರು ಎಣಿಸಿದೆ. ಐವತ್ತೆರಡು.
ಮತ್ತೊಮ್ಮೆ ಎಣಿಸಿದೆ. ಪುಸ್ತಕ ಮುಚ್ಚಿದೆ.
ಕೇಸ್ ಶೀಟಿನಾಗ ಬರದೆ:
ಮಂಗಳವಾರ ಮತ್ತ ತೂಗಬೇಕು.

ಯಾರು ತೂಗಬೇಕು ಅಂತ
ಬರದಿಲ್ಲ.