ಭಿಶಿಯ ಚೀಟಿ

ಭೋಸರಿಯಾಗ ಕಂಪನಿ ಭೋಂಗಾ
ಈಗ ವಾರಕ್ಕ ಮೂರೇ ದಿನ ಕೂಗತದ.
ಉಳಿದ ದಿನ ನಮ್ಮ ಮನಿಯವರು
ಎದ್ದು, ದಾಡಿ ಮಾಡಿ, ಬೂಟಿಗೆ ಪಾಲಿಶ್ ಹಚ್ಚಿ
ಮತ್ತ ಅಲ್ಲೇ ಬಾಗಿಲ ಹಿಂದ ಇಡತಾರ.
ಮಿಕ್ಸರ್ ಬಿಚ್ಚತಾರ. ಚಲೋ ಇದ್ದ ಮಿಕ್ಸರ್.
ಸ್ಕ್ರೂ ಎಣಿಸಿ ಬಶಿಯಾಗ ಹಾಕಿ
ಸಂಜಿತನಕ ಜೋಡಸತಾರ.
ಬೈಬೇಕಂತ ಬಾಯಿ ತೆರದಾಕಿ
ಸುಮ್ಮನ ಕಲ್ಲಿನಾಗ ಚಟ್ನಿ ಅರದೆ.

ನನ್ನ ಲೆಕ್ಕ ಬ್ಯಾರೆ.
ಸಿಲಿಂಡರ್ ಹಚ್ಚಿದ ತಾರೀಖು ಕ್ಯಾಲೆಂಡರಿನ್ಯಾಗ ಬರದೀನಿ:
ಹೋದ ಸಲ ಮೂವತ್ತು ದಿನ, ಈ ಸಲ ನಲವತ್ತೊಂದು.
ಬ್ಯಾಳಿ ರಾತ್ರಿನೇ ನೆನಿ ಹಾಕತೀನಿ.
ಚಹಾಪುಡಿ ಎರಡು ಸಲ ಕುದಸೂದು ಕಲತೀನಿ,
ಮೂರನೇ ಸಲ ಅದು ಬರೇ ನೀರಿಗೆ ಬಂದ ಬ್ಯಾಸರಕಿ,
ಅದನ್ನೂ ಕುಡದು ನೋಡೀನಿ.
ಮಗಳ ಸಾಲಿ ಬಸ್ಸು ಬಿಡಸೇವಿ. ಮಗ್ಗಿ ಹೇಳಕೋತ ನಡದು ಹೋಗತೇವಿ,
ಹದಿನೇಳರದು ಅಕಿಗೆ ಬರತದ, ನನಗ ಬರೂದಿಲ್ಲ.
ಬಳಿ ಬ್ಯಾಂಕಿನಾಗ ಅದಾವ.
"ಭದ್ರ ಅದಾವ" ಅಂತ ಅವ್ವಗ ಫೋನಿನಾಗ ಹೇಳೀನಿ.
ಸುಳ್ಳಲ್ಲ ಅದು.

ತಿಂಗಳ ಎರಡನೇ ರವಿವಾರ ಭಿಶಿ.
ಹನ್ನೆರಡು ಮಂದಿ, ಎರಡೆರಡು ಸಾವಿರ,
ಹಿರಾಬಾಯಿ ಲೊಂಢೆ ಮನಿಯಾಗ.
ಮದಲ ಪೋಹೆ ಇರತಿತ್ತು, ಈಗ ಬರೇ ಚಹಾ.
ಸ್ಟೀಲ್ ಡಬ್ಬಿ ಅಲಗಾಡಸಿ
ಸಣ್ಣ ಹುಡಗನ ಕೈಲೆ ಚೀಟಿ ಎತ್ತಸತಾರ.
ಐದು ತಿಂಗಳು ನನ್ನ ಹೆಸರು ಬರಲಿಲ್ಲ.
ಆರನೇದು ನಫೀಸಾ ಮುಜಾವರ್.
ಕಡಕ್ ಇಸ್ತ್ರಿ ಸೀರಿ, ತಲಿಗೆ ಮಲ್ಲಿಗಿ,
ಇಕಿಗೇನು ಕಡಿಮಿ ಆಗೇದಂತ
ನನ್ನ ಹೊಟ್ಯಾಗ ಒಣಮೆಣಸಿನಕಾಯಿ ಹುರದಾಂಗ.

ಎಲ್ಲಾರೂ ಹ್ವಾದ ಮ್ಯಾಲ ಕಪ್ಪು ತೊಳೀಲಿಕ್ಕೆ ನಿಂತೆ.
ಡಬ್ಬಿ ತೆರದೇ ಇತ್ತು.
ನನ್ನ ಹೆಸರು ಎಲ್ಲಿ ಅಡಗೇದ ನೋಡೂಣಂತ
ಒಂದು ಚೀಟಿ ಬಿಚ್ಚಿದೆ.
ನಫೀಸಾ.
ಇನ್ನೊಂದು. ನಫೀಸಾ.
ಉಳಿದ ಆರರಾಗೂ ಒಂದೇ ಹೆಸರು, ಒಂದೇ ಸೊಟ್ಟ ಅಕ್ಷರ.

ಹಿಂದ ಹಿರಾಬಾಯಿ ನಿಂತಿದ್ದರು.
"ಅವರ ಲೇಥ್ ಮಶೀನು ಮನ್ನೆ ಭಂಗಾರಕ್ಕ ಹೋತು" ಅಂದರು.
ಮರಾಠಿ ಭಂಗಾರ, ಅಂದರ ಗುಜರಿ.
ಇಪ್ಪತ್ತು ವರ್ಷ ಈ ಊರಾಗಿದ್ದೂ
ನನ್ನ ಕಿವಿಗೆ ಮದಲ ಬಂಗಾರ ಅಂತನೇ ಕೇಳತದ.
"ಹಂಗೇ ಕೊಟ್ಟರ ಆಕಿ ತಗೋತಿದ್ದಿಲ್ಲ."
ನಾ ಕಪ್ಪು ತೊಳದೆ. ಒಂದರ ಕಿವಿ ಮುರದಿತ್ತು.
ನಾ ಮುರದದ್ದಲ್ಲ.

ಮನಿಗೆ ಬಂದರ ಮಿಕ್ಸರ್ ಮತ್ತ ಬಿಚ್ಚಿತ್ತು.
"ಒಂದು ಸ್ಕ್ರೂ ಕಮ್ಮಿ ಬಿದ್ದದ."
ಕಾಟಿನ ಬುಡಕ ನೆಲಕ್ಕ ಗಲ್ಲ ಹಚ್ಚಿ
ಇಬ್ಬರೂ ಟಾರ್ಚ್ ಹಿಡದು ಹುಡಕಿದಿವಿ.
ಭಾಳ ದಿನದ ಮ್ಯಾಲ ಅವರ ಮಾರಿ ಇಷ್ಟು ಹತ್ತರ.
ಮುಂದ ಯಾವದರೆ ತಿಂಗಳು ನನ್ನ ಹೆಸರು ಬಂದರ
ಖುಷಿ ಪಡಬೇಕೋ, ಅಂಜಬೇಕೋ?
ಕೇಳಬೇಕಂದೆ. ಅಷ್ಟರಾಗ
ಸ್ಕ್ರೂ ಸಿಕ್ಕಿತು, ಮಗಳ ಬೂಟಿನಾಗ.

ಬರೂ ಭಿಶಿಗೆ ಆ ಹಸರು ಸೀರಿ ತೆಗೀಬೇಕು.
ಇಸ್ತ್ರಿ ಹಾಕಬೇಕು, ಕಡಕ್.