ಬೂತಾಯಿ, ಎರಡನೇ ಸಾಲು

ಸೊಂಟದಲ್ಲೊಂದು ಕರಿ ಪೆಟ್ಟಿಗೆ.
ಮೊದಲ ವಾರ ಅದು ಕೆಮ್ಮಿದಾಗಲೆಲ್ಲ ನಾನು ಬೆಚ್ಚುತ್ತಿದ್ದೆ,
ನಾನು ಬೆಚ್ಚಿದ್ದು ಕಂಡು ಗಿರಾಕಿಗಳು
ತಮ್ಮ ತಮ್ಮ ಚೀಲ ಮುಟ್ಟಿಕೊಳ್ಳುತ್ತಿದ್ದರು.

"ಒತ್ತು. ಒಂದು ಉಸಿರು ಬಿಡು. ಮತ್ತೆ ಮಾತಾಡು.
ಅವಸರ ಮಾಡಿದರೆ ಮೊದಲಿನ ಅಕ್ಷರ ನೀರಿಗೆ."
ಕಲಿಸಿದ್ದು ದೂಮಣ್ಣ.
ಧಕ್ಕೆಯ ಬೋಟುಗಳಲ್ಲಿ ಇಪ್ಪತ್ತಾರು ವರ್ಷ ವಯರ್‌ಲೆಸ್ ಹಿಡಿದವರು,
ಮೊಣಕಾಲು ಕೈಕೊಟ್ಟ ಮೇಲೆ
ಬಿಜೈಯ ಈ ಅಂಗಡಿಯ ಮಾಳಿಗೆಯಲ್ಲಿ
ಹದಿನಾರು ಚೌಕದ ಟೀವಿಯ ಮುಂದೆ.
ಅಕ್ಕಿ, ಸಾಬೂನು, ಬಿಸ್ಕತ್ತಿನ ಸಾಲುಗಳನ್ನು
ನೀರು ನೋಡುವ ಹಾಗೆಯೇ ನೋಡುತ್ತಾರೆ:
"ಮೂರರಲ್ಲಿ ಕದಡಿದೆ, ಜಲಜಾ. ಓವರ್."

ಓವರ್ ಅನ್ನುವವರು ಅವರೊಬ್ಬರೇ.

ಗುಟ್ಟಿನ ಹೆಸರುಗಳೂ ಅವರದ್ದೇ.
ಚಾಕಲೇಟು ಕಿಸೆಗಿಳಿಸುವ ಮಕ್ಕಳು ಬೂತಾಯಿ,
ಒಂದು ಕಂಡರೆ ಹಿಂದೆ ಹಿಂಡೇ ಉಂಟು.
ಬ್ಲೇಡು, ಬ್ಯಾಟರಿಯವರು ಬಂಗುಡೆ.
ತುಪ್ಪದ ಡಬ್ಬ, ಗೋಡಂಬಿಗೆ ಕೈ ಹಾಕಿದವರು ಅಂಜಲ್.
ತೂಕದ ಚೀಟಿ ಬದಲಿಸುವವರಿಗೆ ನಂಗ್,
ಎರಡೂ ಕಣ್ಣು ಒಂದೇ ಬದಿಗೆ ಇರುವುದರಿಂದ.
ಪಾರ್ಕಿಂಗಿನ ರತುಲ್ ಅಸ್ಸಾಮಿನಿಂದ ಬಂದು
ಮೊದಲು ಕಲಿತ ತುಳು ಮಾತು ಅದು.
ಮ್ಯಾನೇಜರರ ಕಾರು ಗೇಟು ದಾಟಿದರೆ
"ಗಾಳಿ ತಿರುಗಿತು" ಅನ್ನಬೇಕು, ಅಷ್ಟೇ.

ಆದರೆ ಎಂತ ಊರಲ್ಲಿ ಎಂತ ಗುಟ್ಟು!
"ಅಂಜಲ್, ದೊಡ್ಡದು, ಬಿಲ್ಲಿಂಗಿಗೆ ಬರ್ತಾ ಉಂಟು"
ಎಂದು ನನ್ನ ಸೊಂಟ ಕೂಗಿದ್ದೇ ತಡ
ಹಿಲ್ಡಾಬಾಯಿ ತಳ್ಳುಗಾಡಿ ಬಿಟ್ಟು ಓಡಿ ಬಂದರು,
"ಕಿಲೋಗೆ ಎಷ್ಟು ಮಾರಾಯ್ತಿ? ಎಲ್ಲಿಟ್ಟಿದ್ದೀರಿ?"
ಅಂಗಿಯೊಳಗೆ ಅರ್ಧ ಕಿಲೋ ತುಪ್ಪದ ಹೊಟ್ಟೆ ಹೊತ್ತ
ಅಂಜಲೂ ನಿಂತು ಕೇಳಿತು,
"ತಾಜಾ ಉಂಟಾ?"

ಸೋಮವಾರ ಸುತ್ತೋಲೆ.
ಇನ್ನು ಅಂಕೆಗಳು ಮಾತ್ರ: ಹನ್ನೊಂದು, ಹದಿನೇಳು, ಇಪ್ಪತ್ತು.
ದೂಮಣ್ಣನ ದನಿ ಅಂದಿನಿಂದ
ಕಷಾಯ ಕುಡಿದವರ ದನಿ.

ಜೂನ್ ತಿಂಗಳು, ಮಧ್ಯಾಹ್ನ ಮೂರು.
ಬೋಟುಗಳೆಲ್ಲ ದಡದಲ್ಲಿ. ಅಂಗಡಿಯಲ್ಲಿ ಜನವಿಲ್ಲ.
ಸೊಂಟದಿಂದ ಫ್ಯಾನಿನ ಸದ್ದು. ಕುರ್ಚಿಯ ಕಿರುಕು.
ಆಮೇಲೆ ಗೊರಕೆ.
ನಿದ್ದೆಯಲ್ಲೂ ಹೆಬ್ಬೆರಳು ಗುಂಡಿ ಬಿಟ್ಟಿಲ್ಲ.
ಒಬ್ಬ ಒತ್ತಿ ಹಿಡಿದರೆ ಉಳಿದವರೆಲ್ಲ ಮೂಗರು,
ಇದೂ ಅವರೇ ಹೇಳಿದ್ದು.
ಒಂಬತ್ತು ಸೊಂಟಗಳಲ್ಲಿ ಒಂದೇ ಗೊರಕೆ.
ಸಾಬೂನಿನ ಸಾಲಲ್ಲಿ ಹುಡುಗಿಯರು ಬಾಯಿಗೆ ಕೈ ಒತ್ತಿ ನಕ್ಕರು.

ಮತ್ತೆ ಗೊರಕೆ ನಿಂತಿತು.
"ಹದಿನಾಲ್ಕು ಮಾರು" ಅಂದರು, ಬಹಳ ಸಾವಧಾನ,
"ಇಲ್ಲೇ ಇದ್ದೇವೆ. ನಿಮ್ಮ ದೀಪ ಕಾಣುವುದಿಲ್ಲ.
ದೀಪ ಹಾಕಿ. ಓವರ್."
ಉತ್ತರಕ್ಕೆ ಕಾಯುವಷ್ಟು ಹೊತ್ತು ಸುಮ್ಮನಿದ್ದು
ಪುನಃ, "ದೀಪ ಹಾಕಿ."

ಹುಡುಗಿಯರು ನಗುವುದನ್ನು ಯಾವಾಗ ಬಿಟ್ಟರೋ ಗೊತ್ತಿಲ್ಲ.

ಗೇಟಿನಲ್ಲಿ ಬಿಳಿ ಕಾರು.
ಗಾಳಿ ತಿರುಗಿತು ಎನ್ನಲು ದಾರಿಯಿಲ್ಲ.
ರತುಲ್ ದೂರದಿಂದ ಬರಿಗೈ ಬೀಸಿದ.
ಬಾಗಿಲು ಬಿಟ್ಟು ಓಡಿದೆ,
ಬಿಲ್ಲಿಗೆ ಹಾಕುವ ಠಸ್ಸೆ ಕೈಯಲ್ಲೇ ಇತ್ತು.
ಮೂವತ್ತೆರಡು ಮೆಟ್ಟಿಲು.

ಹೆಬ್ಬೆರಳು ಎತ್ತಿದೆ. ಹಗ್ಗದ ಗೆರೆ ಕೂತ ಒರಟು ಬೆರಳು.
ತಡೆದು ನಿಂತ ಮಾತೆಲ್ಲ ಒಮ್ಮೆಗೇ ನುಗ್ಗಿತು,
ಗಾಳಿ ತಿರುಗಿತು, ಟ್ರಾಲಿ ತನ್ನಿ, ಹನ್ನೊಂದು, ಹನ್ನೊಂದು,
ಯಾರೋ ಮರೆತು, ಬೂತಾಯಿ, ಎರಡನೇ ಸಾಲು!

ದೂಮಣ್ಣ ಕಣ್ಣು ತೆರೆದದ್ದು ಟೀವಿಯ ಕಡೆಗೆ.
ಒಂಬತ್ತನೇ ಚೌಕದಲ್ಲಿ ಬಾಗಿಲು, ಸ್ಟೂಲು,
ಸ್ಟೂಲಿನ ಮೇಲೆ ನನ್ನ ನೀರಿನ ಬಾಟ್ಲಿ.
ಹೆಗಲ ಹತ್ತಿರ ನಾನು ನಿಂತಿದ್ದು ಅವರಿಗೆ ಕಾಣಲಿಲ್ಲ.
ಸೆಟ್ ಬಾಯಿಗೆ ಹಿಡಿದು, ಒತ್ತಿ, ಉಸಿರು ಬಿಟ್ಟು,
"ಜಲಜಾ, ಬಾಗಿಲಲ್ಲಿ ನೀನಿಲ್ಲ. ಎಲ್ಲಿದ್ದೀ? ಓವರ್."

ಅವರ ಬಾಯಿಂದ ಒಮ್ಮೆ, ನನ್ನ ಸೊಂಟದಿಂದ ಒಮ್ಮೆ,
ಎರಡೂ ಪೆಟ್ಟಿಗೆ ಹತ್ತಿರ ಬಂದದ್ದಕ್ಕೆ ಕಿವಿ ಸೀಳುವ ಕೀರಲು.

ನಾನೂ ಒತ್ತಿದೆ.
ಒಂದು ಉಸಿರು ಬಿಟ್ಟೆ.
"ಇಲ್ಲೇ ಇದ್ದೇನೆ" ಅಂದೆ,
"ದೀಪ ಕಾಣ್ತಾ ಉಂಟು."