ಹೌದು

ನಮ್ಮ ಶಹಾಬಾದಿನಲ್ಲಿ ನಾಲ್ಕು ಹಾಸುಗಲ್ಲು ನಿಲ್ಲಿಸಿ
ಸಂದಿಗೆ ಸಿಮೆಂಟು ಮೆತ್ತಿದರೆ ಹೌದು ಆಗುತ್ತದೆ.
ಹೌದು ಅಂದರೆ ನೀರಿನ ತೊಟ್ಟಿ. ಹೆಸರಿಗೆ ತಕ್ಕ ಹಾಗೆ
ಯಾವುದಕ್ಕೂ ಇಲ್ಲ ಅನ್ನುವುದಿಲ್ಲ ಅದು:
ನಳದ ನೀರಿಗೆ, ಖಣಿಯ ಧೂಳಿಗೆ,
ಕಾಲಿಗೆ ಬಿಳಿ ಬಳೆ ತೊಟ್ಟು ಹಾಡಹಗಲೇ ಬಂದು
ಅಂಚಿಗೆ ಮೊಟ್ಟೆ ಅಂಟಿಸುವ ಗುಂಗಾಡಿಗೆ.

ನನ್ನ ಕೈಯಲ್ಲಿ ಟಾರ್ಚು, ಬಿಳಿ ಸೌಟು.
ಸೌಟನ್ನು ಓರೆಯಾಗಿ ಇಳಿಸಬೇಕು, ನೆರಳು ಬೀಳದ ಹಾಗೆ.
ನೆರಳು ಬಿದ್ದರೆ ಹುಳಗಳು ನುಲಿಯುತ್ತ ತಳಕ್ಕೆ ಹೋಗುತ್ತವೆ.
ಅವಕ್ಕೂ ಗೊತ್ತು ಸರಕಾರಿ ನೆರಳು.

"ಚೆಲ್ಲಬೇಕ್ರಿ ಅಮ್ಮಾ" ಅಂದೆ.
"ಚೆಲ್ಲತೀನವ್ವಾ" ಅಂದಳು ನೀಲಗಂಗಮ್ಮ,
"ಒಂಬತ್ತು ದಿನಕ್ಕೊಮ್ಮಿ ಬರೋ ನೀರು.
ನಾಳಿಗಿ ನೀ ತಂದು ತುಂಬತೀ ಏನು?"
ವಾರಕ್ಕೊಮ್ಮೆ ಖಾಲಿ ಮಾಡಿಸಿ ಅಂದಿದ್ದರು ತರಬೇತಿಯಲ್ಲಿ.
ಒಂಬತ್ತು ದಿನದ ವಾರದ ಬಗ್ಗೆ ಯಾರೂ ಹೇಳಿರಲಿಲ್ಲ.

ಮೂವತ್ತೆರಡನೇ ಮನೆಯ ಹುಡುಗಿಯ ಹೆಸರು ಭಾಗ್ಯವಂತಿ.
ಪ್ಲೇಟ್‌ಲೆಟ್ ಹದಿನೆಂಟು ಸಾವಿರಕ್ಕೆ ಇಳಿದಿತ್ತು.
ಕಲಬುರಗಿಗೆ ಒಯ್ದರು. ತಿರುಗಿ ಬಂದಳು,
ಇನ್ನೂ ಮಾಳಿಗೆಯ ಮೆಟ್ಟಿಲು ಹತ್ತಲಾರಳು.
ಅವತ್ತೇ ಸಂಜೆ ಹೊಗೆ ಯಂತ್ರ ಬಂತು.
ಹುಡುಗರು ಹಿಂದೆ ಓಡಿದರು, ಮುದುಕರು ಕೆಮ್ಮಿದರು,
ಓಣಿಗೆಲ್ಲ ಸಮಾಧಾನ.
ಹೌದಿನೊಳಗಿನವಕ್ಕೆ ಅದರ ಸುದ್ದಿಯೇ ಮುಟ್ಟಲಿಲ್ಲ.

ಆಮೇಲೆ ಮೀನು ಬಂದವು.
ಪ್ಲಾಸ್ಟಿಕ್ ಚೀಲದಲ್ಲಿ, ಬಸ್ಸಿನಲ್ಲಿ, ನನ್ನ ತೊಡೆಯ ಮೇಲೆ,
ಉಗುರಿನುದ್ದದ ಇನ್ನೂರು ಗಪ್ಪಿ.
ಕಂಡಕ್ಟರ್ ಬಗ್ಗಿ ನೋಡಿದ:
"ಇವೂ ಹೆಣ್ಮಕ್ಕಳೇನ್ರಿ? ಟಿಕೇಟು ಫ್ರೀ?"
ನೀಲಗಂಗಮ್ಮ ಹೌದಿಗೆ ಅಡ್ಡ ಕೈ ಚಾಚಿ ನಿಂತಳು:
"ಮೀನ ಮುಟ್ಟಿದ ನೀರು ಲಿಂಗಕ್ಕ ಹಾಕಲೇನು?"
ಗೋಡೆ ಮೇಲಿಂದ ಬಿಲ್ಕೀಸ್ ಬೀ ನಕ್ಕಳು:
"ನಮ್ಮನ್ಯಾಗ ಬಿಡು ಬೇಟಿ. ತಿನ್ನೋದಿಲ್ಲ, ಕಸಮ್."
ಪೂಜೆಗೆ ಬೇರೆ ಕೊಡ, ಅದರ ಬಾಯಿಗೆ ಬಟ್ಟೆ:
ಇಷ್ಟು ಒಪ್ಪಂದಕ್ಕೆ ಮಧ್ಯಾಹ್ನ ಎರಡಾಯಿತು.

ನಿನ್ನೆ, ಬೆಳಕು ಆರುವ ಮೊದಲು,
ಮನೆ ನಂಬರ್ ನಲವತ್ತೊಂದು. ನನ್ನದೇ.
ಹೌದಿಗೆ ಕಲ್ಲಿನ ಮುಚ್ಚಳ, ಒಳಗೆ ಎಂಟು ಮೀನು.
ಹೊರಡಬೇಕು ಅನ್ನುವಾಗ ಕಂಡಿತು,
ಬೇಸಿಗೆ ಮುಗಿದ ಮೇಲೆ ಬಾಗಿಲ ಹಿಂದೆ ಸರಿಸಿಟ್ಟ ಕೂಲರ್.
ತಳದಲ್ಲಿ ನಾಲ್ಕು ಬೆರಳು ನೀರು, ಹುಲ್ಲಿನ ಕರಿ ಗಸಿ.
ಸೌಟು ಇಳಿಸಿದೆ. ಹದಿನೇಳು.
ಒಂದು ಆಗಲೇ ಕೋಶ ಕಟ್ಟಿ
ಅಲ್ಪವಿರಾಮದ ಹಾಗೆ ಬಾಗಿತ್ತು.
ನಾಳೆ ನಾಡಿದ್ದು ರೆಕ್ಕೆ.

"ನಿನ್ನ ಮನಿ ಯಾರು ನೋಡತಾರ, ಇಲ್ಲ ಅಂತ ಬರಿ"
ಅಂದ ಗಂಡ, ಟೀವಿಯಿಂದ ತಲೆ ತಿರುಗಿಸದೆ.
ರಿಜಿಸ್ಟರಿನ ಆರನೇ ಕಾಲಂ:
ಲಾರ್ವಾ ಕಂಡಿದೆಯೇ? ಹೌದು, ಇಲ್ಲ.
ಒಂದನ್ನು ಹೊಡೆದುಹಾಕಿ.

ಕೂಲರನ್ನು ಎಳೆದು ಅಂಗಳಕ್ಕೆ ಬಗ್ಗಿಸಿದೆ.
ಇನ್ನೂ ಬೆಚ್ಚಗಿದ್ದ ಪರಸಿಯ ಮೇಲೆ
ಸ್ವಲ್ಪ ಹೊತ್ತು ಕುಣಿದವು.
ಸಕ್ಕರೆ ಕಡ ಕೇಳಲು ಬಂದ ನೀಲಗಂಗಮ್ಮ
ಬಟ್ಟಲು ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು.
ಗೋಡೆಗೆ ಸುಣ್ಣದ ಕಡ್ಡಿಯಲ್ಲಿ ತಾರೀಖು ಬರೆದೆ,
ಪಕ್ಕಕ್ಕೆ ಎರಡಕ್ಷರ.

"ಏನು ಬರದಿ?" ಅಂದಳು, ಓದಲು ಬಾರದವಳು.
ಓದಿ ಹೇಳಿದೆ.